ಗಾಡಿಯ ನೆತ್ತಿಯ ಮೇಲಿನ ಅಂಕಿ

ವರದಿಯ ಹನ್ನೊಂದನೇ ಪುಟದಲ್ಲಿದ್ದ ಆ ವಾಕ್ಯದಲ್ಲಿ ಹದಿನೇಳು ಪದಗಳಿದ್ದವು. “ವಾಹನದ ನಂಬರ್ ಪ್ಲೇಟಿಗೆ ಕೆಸರು ಮೆತ್ತಲಾಗಿತ್ತು, ಆದರೆ ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ 3147 ಎಂಬ ಅಂಕಿಯನ್ನು ಸಾಕ್ಷಿ ಸ್ಪಷ್ಟವಾಗಿ ಓದಿದ್ದಾರೆ.”

ಬರೆದವನು ಅದನ್ನು ಮೂರು ಸಲ ತಿದ್ದಿದ್ದ. ಮೊದಲ ಕರಡಿನಲ್ಲಿ “ವಾಹನದ ಸಂಖ್ಯೆ 3147” ಎಂದಷ್ಟೇ ಇತ್ತು. ಪ್ಲೇಟಿಗೆ ಕೆಸರು ಮೆತ್ತಿದ್ದರೆ ಸಂಖ್ಯೆ ಕಂಡದ್ದು ಹೇಗೆ ಎಂದು ಸರ್ಕಾರದ ವಕೀಲರು ಕೇಳಿಯೇ ಕೇಳುತ್ತಾರೆ. ಉತ್ತರ ವಾಕ್ಯದಲ್ಲೇ ಇರಲಿ ಎಂದು ನೆತ್ತಿಯನ್ನೂ ಬಿಳಿ ಬಣ್ಣವನ್ನೂ ಸೇರಿಸಿದ. ಸೇರಿಸಿದ ಮೇಲೆ ವಾಕ್ಯ ಗಟ್ಟಿಯಾಯಿತು ಎಂದು ಅವನಿಗೆ ಸಮಾಧಾನವಾಗಿತ್ತು.

ಸಮಿತಿಯ ಕಚೇರಿಯಲ್ಲಿ ಅವನನ್ನು ಗಡಿಯಾರ ಎಂದು ಕರೆಯುತ್ತಿದ್ದರು. ಊರಿನ ಪತ್ರಿಕೆಯಲ್ಲಿ ಹದಿನಾಲ್ಕು ವರ್ಷ ಉಪಸಂಪಾದಕನಾಗಿದ್ದು, ಪತ್ರಿಕೆಯ ಬಾಗಿಲಿಗೆ ಮೊಹರು ಬಿದ್ದ ಮೇಲೆ ಇಲ್ಲಿಗೆ ಬಂದವನು. ಯಾರು ಎಷ್ಟೇ ಅಳುತ್ತ ಬಂದರೂ ಒಂದು ಲೋಟ ನೀರು ಕೊಟ್ಟು, ಅವರು ಕುಡಿದು ಮುಗಿಸುವವರೆಗೆ ಕಾದು, “ಎಷ್ಟು ಗಂಟೆಗೆ?” ಎಂದು ಕೇಳುತ್ತಿದ್ದ. ಹೆಸರಿಟ್ಟದ್ದು ಸಮಿತಿ ನಡೆಸುವ ವಕೀಲಮ್ಮ. ಇವರಿಬ್ಬರ ಜೊತೆಗೆ ಟೈಪ್ ಮಾಡುವ ಒಬ್ಬಾಕೆ ಇದ್ದಳು. ಲಾಂಡ್ರಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ಕಚೇರಿ. ಹಗಲೆಲ್ಲ ಕೆಳಗಿನಿಂದ ಇಸ್ತ್ರಿಯ ಹಬೆ ಏರಿ ಬಂದು ಕಡತಗಳ ಅಂಚು ಡೊಂಕಾಗುತ್ತಿತ್ತು.

ಊರು ಯಾವ ದೇಶದ ಬಣ್ಣದಲ್ಲಿದೆ ಎಂಬುದು ನಕ್ಷೆ ಎಲ್ಲಿ ಅಚ್ಚಾಯಿತು ಎಂಬುದರ ಮೇಲೆ ನಿಂತಿತ್ತು. ಸಮಿತಿ ಆ ತಂಟೆಗೆ ಹೋಗುತ್ತಿರಲಿಲ್ಲ. ಭದ್ರತಾ ಪಡೆಯವರು ಕರೆದೊಯ್ದು ಮರಳಿ ಬಾರದವರ ವಿವರ ಬರೆದಿಡುವುದಷ್ಟೇ ಅದರ ಕೆಲಸ. ಹೇಳಿಕೆಯ ನಮೂನೆಯಲ್ಲಿ ನಾಲ್ಕು ಪ್ರಶ್ನೆಗಳಿದ್ದವು: ಏನು ನೋಡಿದಿರಿ, ಎಷ್ಟು ಗಂಟೆಗೆ, ಎಲ್ಲಿಂದ, ಎಷ್ಟು ದೂರದಿಂದ. ಸಾಕ್ಷಿಯ ಹೆಸರು ಅಚ್ಚಿಗೆ ಹೋಗುತ್ತಿರಲಿಲ್ಲ. ವರದಿಯಲ್ಲಿ ತಪ್ಪು ನುಸುಳಿದರೆ ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ, ಕಾರಣ ಸಮೇತ ತಿದ್ದುಪಡಿ ಹಾಕಬೇಕು. ಈ ಕೊನೆಯ ನಿಯಮ ಗಡಿಯಾರ ಪತ್ರಿಕೆಯಿಂದ ತಂದದ್ದು. ಒಂಬತ್ತು ವರ್ಷಗಳಲ್ಲಿ ಏಳು ತಿದ್ದುಪಡಿ ಬಂದಿದ್ದವು. ಒಂದು ಊರಿನ ಹೆಸರು, ಎರಡು ವಯಸ್ಸು, ಉಳಿದವು ತಾರೀಖು. ಕೋರ್ಟಿನಲ್ಲಿ ಸಮಿತಿಯ ಮಾತಿಗೆ ತೂಕ ಬಂದದ್ದೇ ಈ ತಿದ್ದುಪಡಿಗಳಿಂದ ಎಂದು ವಕೀಲಮ್ಮ ಹೇಳುತ್ತಿದ್ದರು.

ಹನ್ನೊಂದನೇ ಪುಟದ ಸಾಕ್ಷಿ ಗಡಿಯಾರನ ಭಾವ, ಎಂದರೆ ಅಕ್ಕನ ಗಂಡ.

ಭಾವನದು ಕನ್ನಡಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯ ಮುಂದಿನ ಕೋಣೆಯಲ್ಲಿ ಕಣ್ಣು ಪರೀಕ್ಷೆ. ಅಕ್ಷರದ ಹಲಗೆಗೂ ಕುರ್ಚಿಗೂ ನಡುವೆ ಇಪ್ಪತ್ತು ಅಡಿ ಬೇಕು, ಕೆಳಗಿನ ಅಂಗಡಿ ಅಷ್ಟುದ್ದ ಇರಲಿಲ್ಲ. ಕುರ್ಚಿಯ ಬೆನ್ನಿಗೆ ಕಿಟಕಿ, ಕಿಟಕಿಯ ಕೆಳಗೆ ಗಲ್ಲಿ. ಒಂದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಭಾವ ಕಿಟಕಿಯ ಗಾಜು ಒರೆಸುತ್ತಿದ್ದಾಗ, ಎದುರು ಮನೆಯ ಗಣಿತದ ಮೇಷ್ಟ್ರನ್ನು ನಾಲ್ವರು ಹೊರಗೆ ಕರೆತಂದು ಗಾಡಿಗೆ ಹತ್ತಿಸಿದರು. ಮೇಷ್ಟ್ರ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು. ಗಾಡಿಗೆ ಹಿಂದೆ ಮುಂದೆ ಕೆಸರು ಮೆತ್ತಿದ್ದರು. ನೆತ್ತಿಯ ಮೇಲಿನ ಅಂಕಿ ಹೆಲಿಕಾಪ್ಟರಿನವರಿಗೆ ಕಾಣಲಿ ಎಂದು ಬರೆದದ್ದು. ಅದನ್ನು ಮುಚ್ಚಲು ಯಾರಿಗೂ ಹೊಳೆದಿರಲಿಲ್ಲ.

ಹೇಳಿಕೆ ಬರೆಸಿಕೊಳ್ಳುವಾಗ ಗಡಿಯಾರ, ನಾಲ್ಕೋ ಏಳೋ ಎಂದು ಎರಡು ಸಲ ಕೇಳಿದ.

“ಸಾಹೇಬ್ರೇ, ಜನ ಅಕ್ಷರ ತಪ್ಪು ಓದೋದ್ರಿಂದ್ಲೇ ನನ್ನ ಹೊಟ್ಟೆ ತುಂಬ್ತಿರೋದು. ನಾನೇ ತಪ್ಪು ಓದ್ತೀನಾ?” ಎಂದ ಭಾವ. ಕಿಟಕಿಯಿಂದ ಗಲ್ಲಿಗೆ ಅಳತೆ ಪಟ್ಟಿ ಇಳಿಬಿಟ್ಟು ನೋಡಿದ. “ಹದಿನಾಲ್ಕೂವರೆ ಅಡಿ. ಗಾಡಿ ಎತ್ತರ ಕಳೆದ್ರೆ ಎಂಟು. ಎಂಟಡಿ ದೂರದಿಂದ ಮೊಳದುದ್ದದ ಅಂಕಿ ಓದೋಕೆ ಆಗ್ದಿದ್ರೆ ಅಂಗಡಿ ಮುಚ್ಚಿ ಸೊಪ್ಪು ಮಾರ್ತೀನಿ. ಬರ್ಕೋ.”

ಅಕ್ಕ ಒಳಗಿನಿಂದಲೇ, ಸೊಪ್ಪಿನ ಕಂತೆ ಲೆಕ್ಕ ಹಾಕೋಕೆ ನಿಮಗೆ ಬರಲ್ಲ ಎಂದಳು.

ವರದಿ ಹೊರಬಂತು. ಮಗನನ್ನು ಹಾಜರುಪಡಿಸಬೇಕೆಂದು ಮೇಷ್ಟ್ರ ತಾಯಿ ಹಾಕಿದ್ದ ಅರ್ಜಿಗೆ ವಕೀಲಮ್ಮ ಅದನ್ನು ಲಗತ್ತಿಸಿದರು. ಆ ದಿನ ತಮ್ಮ ಯಾವ ವಾಹನವೂ ಆ ಕಡೆ ಹೋಗಿಲ್ಲ ಎಂದಿದ್ದ ಪಡೆಯವರಿಗೆ, 3147ರ ಓಡಾಟದ ದಾಖಲೆ ತನ್ನಿ ಎಂದು ನ್ಯಾಯಾಧೀಶರು ಸೂಚಿಸಿದರು. ಒಂಬತ್ತು ವರ್ಷಗಳಲ್ಲಿ ಅಂಥ ಸೂಚನೆ ಬಂದದ್ದು ಅದೇ ಮೊದಲು. ಮೇಷ್ಟ್ರ ತಾಯಿ ಕಚೇರಿಯ ಬೆಂಚಿನ ಮೇಲೆ ಕೂತು ಟೈಪಿನಾಕೆ ಕೊಟ್ಟ ಚಹಾ ಪೂರ್ತಿ ಕುಡಿದದ್ದೂ ಅವತ್ತೇ ಮೊದಲು.

ಆರನೇ ದಿನ ಭಾವನನ್ನು ಕರೆದೊಯ್ದರು.

ಅಕ್ಕ ಫೋನಿನಲ್ಲಿ ಅಳಲಿಲ್ಲ. “ನಿಮ್ಮ ಭಾವನ್ನ ಕರ್ಕೊಂಡು ಹೋದ್ರು ಕಣೋ. ಶಟರ್ ಅರ್ಧ ಎತ್ತಿದ್ರು ಅಷ್ಟೆ,” ಎಂದಳು. ಅವನು ಓಡಿಹೋದಾಗ ಶಟರ್ ಇನ್ನೂ ಅರ್ಧಕ್ಕೇ ನಿಂತಿತ್ತು. ಒಳಗೆ ಬಗ್ಗಿ ಹೋಗಬೇಕಾಯಿತು. ಪೊಲೀಸ್ ಠಾಣೆಯಲ್ಲಿ, ಎರಡು ದಿನ ನೋಡೋಣ, ಎಲ್ಲಾದರೂ ಹೋಗಿರಬಹುದು ಎಂದರು. ನಮೂನೆ ತುಂಬೋಣ ಎಂದು ತಮ್ಮ ಅಂದಾಗ ಅಕ್ಕ ತಡೆದಳು. ಬರೆದರೆ ಸಿಟ್ಟಿಗೇಳುತ್ತಾರೆ, ಮೊದಲು ಹೋಗಿ ಮಾತಾಡು, ಆಮೇಲೆ ಬೇಕಾದರೆ ಬರಿ ಎಂದಳು.

ಮಾರನೆಯ ದಿನ ಶಿಬಿರದಿಂದಲೇ ಕರೆ ಬಂತು.

ಊರಾಚೆಯ ಹಳೆಯ ಶೈತ್ಯಾಗಾರವೇ ಶಿಬಿರ. ಮುಂಭಾಗದ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಕುಂಡದಲ್ಲಿ ಪ್ಲಾಸ್ಟಿಕ್ಕಿನ ಗಿಡ. ಅಧಿಕಾರಿ ಎದ್ದು ನಿಂತು ಕೈ ಕುಲುಕಿದ, ಕುರ್ಚಿ ತೋರಿಸಿದ. ಮೇಜಿನ ಮೇಲೆ ವರದಿ ತೆರೆದಿತ್ತು. ಹದಿನೇಳು ಪದಗಳಲ್ಲಿ ಒಂದರ ಕೆಳಗೆ ಮಾತ್ರ ಗೆರೆ ಎಳೆದಿತ್ತು. ನೆತ್ತಿಯ.

“ನಿಮ್ಮ ಬರವಣಿಗೆ ನನಗಿಷ್ಟ ಸರ್,” ಎಂದ ಅಧಿಕಾರಿ. “ಸುಮ್ನೆ ಕೂಗಾಡಲ್ಲ ನೀವು. ಇರೋದನ್ನ ಇದ್ದ ಹಾಗೆ ಬರೀತೀರಿ. ಆ ಗಲ್ಲೀಲಿ ಮಹಡಿ ಮನೆ ಎಷ್ಟಿದೆ ಹೇಳಿ?”

ಒಂದೇ ಇತ್ತು.

ಅಷ್ಟರಲ್ಲಿ ಗಡಿಯಾರನಿಗೆ ಎಲ್ಲ ಅರ್ಥವಾಗಿತ್ತು. ನೆಲದ ಮೇಲೆ ನಿಂತವರಿಗೆ ಗಾಡಿಯ ನೆತ್ತಿ ಕಾಣುವುದಿಲ್ಲ. ಹೆಸರು, ವಯಸ್ಸು, ಕಸುಬು, ಮನೆಯ ಗುರುತು, ಎಲ್ಲವನ್ನೂ ಜೋಪಾನವಾಗಿ ತೆಗೆದುಹಾಕಿದ್ದವನು, ಸಾಕ್ಷಿ ನಿಂತ ಎತ್ತರವನ್ನು ತಾನೇ ಕೈಯಾರೆ ಸೇರಿಸಿದ್ದ. ಅದೂ ಮೂರನೇ ಕರಡಿನಲ್ಲಿ.

ಅಧಿಕಾರಿ ಎಲ್ಲಿಯೂ ಬೆದರಿಸಲಿಲ್ಲ. ನಾವು ಯಾರನ್ನೂ ಕರೆತಂದಿಲ್ಲ ಎಂದು ಎರಡು ಸಲ ಹೇಳಿದ. ಆದರೆ ತಪ್ಪು ಯಾರಿಂದಲೂ ಆಗುತ್ತದೆ, ನಿಮ್ಮ ಸಮಿತಿ ತಿದ್ದುಪಡಿ ಹಾಕುವ ಪದ್ಧತಿ ಬಹಳ ಒಳ್ಳೆಯದು, ಅಂಕಿ ತಪ್ಪಾಗಿದೆ ಎಂದು ಒಂದು ಸಾಲು ಬಂದರೆ ಎಲ್ಲರಿಗೂ ಅನುಕೂಲ ಎಂದ. ಬಾಗಿಲವರೆಗೆ ಬಂದು, ಅಂಗಡಿ ಮುಚ್ಚಿದರೆ ಗಿರಾಕಿಗಳಿಗೆ ತೊಂದರೆ ಅಲ್ಲವೇ, ಮುಂದಿನ ವಾರದೊಳಗೆ ತೆರೆಯಬಹುದು ಎಂದು ಸೇರಿಸಿದ.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತಿದ್ದಳು. ಎದುರಿನ ಗೋಡೆಯ ಮೇಲೆ ಅಕ್ಷರಗಳು ಸಾಲಿನಿಂದ ಸಾಲಿಗೆ ಸಣ್ಣದಾಗುತ್ತ ಹೋಗಿದ್ದವು.

“ಒಂದೇ ಸಾಲು ತಾನೆ?” ಎಂದಳು.

ಆ ಒಂದು ಸಾಲು ಹೋದರೆ ಮೇಷ್ಟ್ರ ಅರ್ಜಿ ಬಿದ್ದುಹೋಗುತ್ತದೆ ಎಂದು ಅವನು ವಿವರಿಸಿದ. ಅಂಕಿಯೊಂದೇ ಆಧಾರ. ಮೇಷ್ಟ್ರ ತಾಯಿಗೆ ಬೇರೆ ಮಗನಿಲ್ಲ.

“ನನಗೆ ಬೇರೆ ಗಂಡ ಇದಾನಾ?”

ಅಮ್ಮ ತೀರಿಕೊಂಡಾಗ ಅವನಿಗೆ ಎಂಟು ವರ್ಷ, ಅಕ್ಕನಿಗೆ ಹದಿನಾರು. ಅವನ ಶಾಲೆಯ ಅಂಗಿಗೆ ಗುಂಡಿ ಹಾಕಿದವಳು, ಪತ್ರಿಕೆಯಲ್ಲಿ ಕೆಲಸ ಸಿಕ್ಕ ದಿನ ಊರಿಗೆಲ್ಲ ಹೇಳಿಕೊಂಡು ಬಂದವಳು.

“ನಿಮ್ಮ ಭಾವ ನಿನಗೆ ಹೇಳಿಕೆ ಕೊಟ್ಟಿದ್ದು ದೇಶ ಉದ್ಧಾರ ಮಾಡೋಕಲ್ಲ,” ಎಂದಳು ಅಕ್ಕ. “ನನ್ನ ಭಾಮೈದ ಕೇಳ್ತಿದಾನೆ, ಹೇಗೆ ಇಲ್ಲ ಅನ್ನೋದು ಅಂತ ಕೊಟ್ರು. ನಾನು ಬೇಡ ಅಂದೆ. ಹೆಸರು ಬರಲ್ಲ ಬಿಡೇ, ಅವನು ಹುಷಾರಿದಾನೆ ಅಂದ್ರು.”

ಮರುದಿನ ಕಚೇರಿಯಲ್ಲಿ ವಕೀಲಮ್ಮನಿಗೆ ವಿಷಯ ತಿಳಿಸಿದ. ತಿದ್ದುಪಡಿಗೆ ಬರೆದವನದೂ ಅವರದೂ ಎರಡು ಸಹಿ ಬೇಕು. ವಕೀಲಮ್ಮ, “ನಾನು ಸಹಿ ಹಾಕಲ್ಲ ಅಂದ್ರೆ ನಿಮ್ಮ ಭಾವನ ಕಥೆ ಮುಗೀತು. ಹಾಕಿದ್ರೆ ಮೇಷ್ಟ್ರದ್ದು. ನಾನು ಓದಿದ ಕಾನೂನಲ್ಲಿ ಇದಕ್ಕೆ ಕಲಂ ಇಲ್ಲ ಗಡಿಯಾರ,” ಎಂದು ಪೆನ್ನಿನ ಮುಚ್ಚಳ ತೆಗೆದರು.

ಅವನು ಬರೆಯಲು ಕೂತ. “ವರದಿಯ ಹನ್ನೊಂದನೇ ಪುಟದಲ್ಲಿ ನಮೂದಿಸಿದ ವಾಹನದ ಅಂಕಿ ತಪ್ಪಾಗಿದೆ” ಎಂದು ಬರೆದ. ಅಧಿಕಾರಿ ಕೇಳಿದ್ದು ಇಷ್ಟೇ. ಆದರೆ ಕಾರಣವಿಲ್ಲದ ತಿದ್ದುಪಡಿಯನ್ನು ಅವನು ಇಪ್ಪತ್ತಮೂರು ವರ್ಷಗಳಲ್ಲಿ ಒಮ್ಮೆಯೂ ಅಚ್ಚಿಗೆ ಕಳಿಸಿರಲಿಲ್ಲ. ಕೈ ತಾನಾಗಿ ಮುಂದುವರಿಯಿತು. “ಬೆಳಗಿನ ಹೊತ್ತು ಆ ಗಲ್ಲಿಯಲ್ಲಿ ಬಿಸಿಲು ನೇರವಾಗಿ ಬೀಳುವುದರಿಂದ, ವಾಹನದ ನೆತ್ತಿಯ ಬಿಳಿ ಅಂಕಿಗಳು ಹೊಳೆದು, ಮಹಡಿಯ ಕಿಟಕಿಯಿಂದ ಸ್ಪಷ್ಟವಾಗಿ ಓದಲು ಬರುವುದಿಲ್ಲವೆಂದು ಮರುಪರಿಶೀಲನೆಯಲ್ಲಿ ಕಂಡುಬಂದಿದೆ.”

ವಕೀಲಮ್ಮ ಓದಿದರು. “ಕಾರಣ ಬೇಕಾ?”

“ಕಾರಣ ಇಲ್ದಿದ್ರೆ ಯಾರೂ ನಂಬಲ್ಲ ಮೇಡಂ. ಅವರು ನಂಬ್ಸೋಕೆ ತಾನೆ ಕೇಳ್ತಿರೋದು?”

ಅವನು ತಿಳಿದೂ ತಿಳಿದೂ ಬರೆದ ಮೊದಲ ಸುಳ್ಳು ಅದು. ಅದರಲ್ಲೂ ಹೊತ್ತು, ಜಾಗ, ಬೆಳಕು ಎಲ್ಲ ಸರಿಯಾಗಿ ಕೂತಿದ್ದವು. ವಕೀಲಮ್ಮ ಸಹಿ ಹಾಕಿದರು. ಟೈಪಿನಾಕೆ ಟೈಪ್ ಮಾಡಿ ಕೊಟ್ಟು, ಮುಖ ತೊಳೆಯಲು ಹೋದವಳು ಅವತ್ತು ಮತ್ತೆ ಮೇಜಿಗೆ ಬರಲಿಲ್ಲ. ಮರುದಿನ ಅವಳ ತಂದೆ ಫೋನ್ ಮಾಡಿ, ಮಗಳಿಗೆ ಬೇರೆ ಕೆಲಸ ನೋಡಿದ್ದೇವೆ ಎಂದರು. ಯಾವ ಕೆಲಸ ಎಂದು ಇವರೂ ಕೇಳಲಿಲ್ಲ.

ಮುಂದಿನ ಸಂಚಿಕೆಗೆ ಕಾಯದೆ ತಿದ್ದುಪಡಿಯನ್ನು ಬಿಡಿ ಹಾಳೆಯಾಗಿ ಅಚ್ಚು ಮಾಡಿಸಿ, ಕೋರ್ಟಿಗೂ ಶಿಬಿರಕ್ಕೂ ಕಳಿಸಿದರು. ಅರ್ಜಿದಾರರ ಆಧಾರವನ್ನು ಅದನ್ನು ಕೊಟ್ಟವರೇ ಹಿಂಪಡೆದಿದ್ದಾರೆ ಎಂದು ಬರೆಸಿ ನ್ಯಾಯಾಧೀಶರು ಅರ್ಜಿ ವಜಾ ಮಾಡಿದರು. ಐದು ನಿಮಿಷವೂ ಹಿಡಿಯಲಿಲ್ಲ.

ಮೇಷ್ಟ್ರ ತಾಯಿ ಮಂಗಳವಾರ ಎಂದಿನಂತೆ ಕಚೇರಿಗೆ ಬಂದರು. ಅವರಿಗೆ ಓದು ಬರುತ್ತಿರಲಿಲ್ಲ. ಹಾಳೆಯನ್ನು ಯಾರಿಂದಲೋ ಓದಿಸಿಕೊಂಡು, ನಾಲ್ಕಾಗಿ ಮಡಚಿ ಮುಷ್ಟಿಯಲ್ಲಿ ಹಿಡಿದು ತಂದಿದ್ದರು. ಗಡಿಯಾರ ನೀರು ಕೊಟ್ಟ. ಬೈಯುತ್ತಾರೆ ಎಂದುಕೊಂಡಿದ್ದ, ಕಾದ. ಆಕೆ ನೀರು ಕುಡಿದು ಲೋಟ ಕೆಳಗಿಟ್ಟರು.

“ಹಾಗಾದ್ರೆ ನನ್ನ ಮಗ ಯಾವ ಗಾಡೀಲಿ ಹೋದ ಕಣಪ್ಪ?”

ನಿಜವಾಗಿ ತಿಳಿಯಬೇಕೆಂದೇ ಕೇಳುತ್ತಿದ್ದರು. ತಿದ್ದಿದ ಮೇಲೆ ಸರಿಯಾದ ಅಂಕಿ ಸಿಕ್ಕಿರಬೇಕು ಎಂದು ನಂಬಿ ಬಂದಿದ್ದರು. ಹುಡುಕುತ್ತಿದ್ದೇವೆ ಎಂದು ವಕೀಲಮ್ಮ ಒಳಗಿನಿಂದ ಹೇಳಿದರು. ಆಕೆ ತಲೆಯಾಡಿಸಿ, ಎಂದಿನ ಜಾಗದಲ್ಲಿ, ಬೆಂಚಿನ ಗೋಡೆ ಕಡೆಯ ತುದಿಯಲ್ಲಿ ಕೂತುಕೊಂಡರು.

ಒಂದು ವಾರ ಕಳೆಯಿತು. ಅಕ್ಕ ದಿನಾ ಬೆಳಿಗ್ಗೆ ಶಟರ್ ಎತ್ತಿ, ಗಾಜು ಒರೆಸಿ, ಮತ್ತೆ ಇಳಿಸುತ್ತಿದ್ದಳು. ರಿಪೇರಿಗೆ ಕೊಟ್ಟ ಕನ್ನಡಕ ಕೇಳಿಕೊಂಡು ಬಂದವರಿಗೆ, ಇವತ್ತು ನಾಳೆ ಬಂದುಬಿಡ್ತಾರೆ ಎನ್ನುತ್ತಿದ್ದಳು. ಕೆಲವರು ಒಡೆದ ಕನ್ನಡಕವನ್ನೇ ವಾಪಸು ಇಸಿದುಕೊಂಡು ಹೋದರು. ಆಮೇಲೆ ಅವರಾರೂ ಗಲ್ಲಿಯಲ್ಲಿ ಎದುರಾದರೆ ನಿಂತು ಮಾತಾಡಲಿಲ್ಲ.

ತಿದ್ದುಪಡಿ ಕಳಿಸಿದ ಹನ್ನೊಂದನೇ ದಿನ ಗಡಿಯಾರ ಶಿಬಿರಕ್ಕೆ ಹೋದ. ಪ್ಲಾಸ್ಟಿಕ್ಕಿನ ಗಿಡ ಹಾಗೆಯೇ ಇತ್ತು. ಮೇಜಿನ ಹಿಂದೆ ಬೇರೆಯವನಿದ್ದ. ಹಿಂದಿನ ಸಾಹೇಬರು ವರ್ಗವಾಗಿ ಹೋದರು, ಎಲ್ಲಿಗೆ ಎಂದು ಹೇಳುವಂತಿಲ್ಲ ಎಂದ. ಈತನೂ ಎದ್ದು ಕೈ ಕುಲುಕಿದ. ಕನ್ನಡಕದ ಅಂಗಡಿಯವರ ಬಗ್ಗೆ ತನ್ನಲ್ಲಿ ಕಾಗದವಿಲ್ಲ ಎಂದ. ಮಾತು ಕೊಟ್ಟಿದ್ದರು ಎಂದು ಗಡಿಯಾರ ಹೇಳಿದ.

“ಯಾವ ಮಾತು ಸರ್? ನಾವು ಕರ್ಕೊಂಡೇ ಬಂದಿಲ್ಲ ಅಂದ್ಮೇಲೆ ಬಿಡ್ತೀವಿ ಅಂತ ಹೇಗೆ ಹೇಳ್ತಾರೆ?”

ಅವತ್ತಿನ ಮಾತುಗಳನ್ನು ಅವನು ಶಿಬಿರದಿಂದ ಬಂದ ಕೂಡಲೇ ಬರೆದಿಟ್ಟಿದ್ದ. ಓದಿ ನೋಡಿದರೆ ಅಧಿಕಾರಿ ಭಾವನ ಹೆಸರು ಒಂದು ಸಲವೂ ಎತ್ತಿರಲಿಲ್ಲ. ಅಂಗಡಿ ತೆರೆಯಬಹುದು ಎಂದಿದ್ದ, ಅಷ್ಟೆ.

ಮರುದಿನ ಅಕ್ಕ ಕಚೇರಿಗೆ ಬಂದಳು. ಮೆಟ್ಟಿಲು ಹತ್ತಿ ಬಂದವಳು ತಮ್ಮನ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತು, ಈಗ ಬರ್ಕೋ ಎಂದಳು. ಕಾಣೆಯಾದವರ ಕುರಿತ ಹೇಳಿಕೆಯನ್ನು ಅವರ ನಂಟರೇ ಬರೆದುಕೊಳ್ಳಬಾರದು ಎಂಬ ನಿಯಮ ಸಮಿತಿಯಲ್ಲಿತ್ತು. ಆದರೆ ಟೈಪಿನಾಕೆ ಹೋಗಿದ್ದಳು, ವಕೀಲಮ್ಮ ಕೋರ್ಟಿನಲ್ಲಿದ್ದರು. ಬೆಂಚಿನ ಮೇಲೆ ಮೇಷ್ಟ್ರ ತಾಯಿಯನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವನು ನಮೂನೆ ತೆಗೆದ. ಒಂದು ಲೋಟ ನೀರು ಇಟ್ಟ. ಅಕ್ಕ ಅದನ್ನು ಮುಟ್ಟಲಿಲ್ಲ.

ಅವನು ಪೆನ್ನು ಹಿಡಿದು ಕೂತೇ ಇದ್ದ.

“ಎಲ್ರಿಗೂ ಕೇಳ್ತೀಯಂತಲ್ಲ, ಎಷ್ಟು ಗಂಟೆಗೆ ಅಂತ. ನನಗೆ ಕೇಳಲ್ವಾ?”

“ಎಷ್ಟು ಗಂಟೆಗಕ್ಕ?”

“ಎಂಟು ಮೂವತ್ತೈದು. ರೇಡಿಯೋದಲ್ಲಿ ವಾರ್ತೆ ಮುಗ್ದಿತ್ತು.”

ಬರೆದ. ಎಲ್ಲಿಂದ ನೋಡಿದಿರಿ ಎಂಬ ಪ್ರಶ್ನೆಗೆ ಅವಳು, ಮಹಡಿ ಕಿಟಕಿಯಿಂದ, ಇನ್ನೆಲ್ಲಿಂದ ಎಂದಳು. ದೂರವನ್ನು ಅವನೇ ತುಂಬಿದ. ಹದಿನಾಲ್ಕೂವರೆ ಅಡಿ. ಭಾವ ಅಳೆದದ್ದು ಇದ್ದೇ ಇತ್ತು.

ವಾಹನದ ಗುರುತು ಎಂಬಲ್ಲಿ ಅವನ ಕೈ ನಿಂತಿತು. ಅಂಕಿ ನೋಡಿದ್ದೇನೆ ಎಂದು ಅಕ್ಕ ಈವರೆಗೆ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

“ಮೂರು, ಒಂದು, ನಾಲ್ಕು, ಏಳು,” ಎಂದಳು ಅಕ್ಕ. “ಅದೇ ಗಾಡಿ. ಈ ಸಲಾನೂ ಮುಚ್ಚಿರ್ಲಿಲ್ಲ. ನಿಮ್ಮ ಭಾವ ಮಾಡ್ಕೊಟ್ಟ ಕನ್ನಡಕ ಹಾಕ್ಕೊಂಡಿದ್ದೆ. ಚೆನ್ನಾಗಿ ಕಾಣಿಸ್ತು.”

ಅವನು ಮೇಜಿನ ಮೇಲಿದ್ದ ತಿದ್ದುಪಡಿಯ ಹಾಳೆಯನ್ನು ನೋಡಿದ. ಅವಳೂ ನೋಡಿದಳು. ಬೆಳಗಿನ ಹೊತ್ತು, ಆ ಗಲ್ಲಿಯಲ್ಲಿ, ಮಹಡಿಯ ಕಿಟಕಿಯಿಂದ. ಸರ್ಕಾರದ ವಕೀಲರು ಬೇರೇನೂ ಹುಡುಕಬೇಕಾಗಿಲ್ಲ. ಸಮಿತಿಯದೇ ಕಾಗದ, ಸಮಿತಿಯದೇ ಎರಡು ಸಹಿ.

“ಮೋಡ ಇತ್ತು ಅಂತ ಬರ್ಕೋ,” ಎಂದಳು ಅಕ್ಕ.

“ಇತ್ತಾ?”

ಆ ಬೆಳಿಗ್ಗೆ ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋಗುವಾಗ ತಗಡು ಅವನ ಕೈಯನ್ನು ಚುರುಕ್ ಎಂದು ಸುಟ್ಟಿತ್ತು. ಹವಾಮಾನ ಇಲಾಖೆಯಲ್ಲಿ ಅವತ್ತಿನ ದಾಖಲೆ ಇರುತ್ತದೆ, ಕೋರ್ಟು ಕೇಳಿದರೆ ತರಿಸುತ್ತದೆ.

ಕೆಳಗೆ ಲಾಂಡ್ರಿಯವನು ಯಾರಿಗೋ ರಸೀದಿ ಕೇಳುತ್ತಿದ್ದ. ರಸೀದಿ ಕಳೆದರೆ ಬಟ್ಟೆ ಕೊಡುವುದು ಹೇಗೆ ಎಂದು ಜೋರು ಮಾಡುತ್ತಿದ್ದ.

“ಬಿಸಿಲಿತ್ತು,” ಎಂದಳು ಅಕ್ಕ ಕೊನೆಗೆ. “ಬಿಸಿಲಿತ್ತು, ಆದ್ರೂ ಕಾಣಿಸ್ತು.”

ಅವನು ಎರಡನ್ನೂ ಬರೆದ. ಅಕ್ಕ ನಮೂನೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಮೊದಲಿನಿಂದ ಓದಿ, ಸಹಿ ಹಾಕಿದಳು. ಆಮೇಲೆ ಮನೆಗೆ ಹೊರಡುತ್ತಾಳೆ ಎಂದುಕೊಂಡ. ಅವಳು ಎದ್ದು ನಿಂತು ಎತ್ತ ಹೋಗುವುದೆಂದು ತಿಳಿಯದವಳಂತೆ ಕೋಣೆಯನ್ನೊಮ್ಮೆ ನೋಡಿದಳು. ಮೇಷ್ಟ್ರ ತಾಯಿ ಪಕ್ಕದಲ್ಲಿಟ್ಟಿದ್ದ ಕೈಚೀಲವನ್ನು ಮಡಿಲಿಗೆ ಎತ್ತಿಕೊಂಡು, ಗೋಡೆಯ ಕಡೆಗೆ ಇನ್ನಷ್ಟು ಸರಿದರು.

ಅಕ್ಕ ಹೋಗಿ ಆ ಜಾಗದಲ್ಲಿ ಕೂತಳು.